ಸರ್ಕಾರಿ ಮೈಕಿನಲ್ಲಿ ಆಡಬಾರದ ಮಾತು

ಟಿವಿಯ ಪರದೆಯ ಮೇಲೆ ಗಂಡು ಹೆಣ್ಣು ಸ್ವಲ್ಪ ಹತ್ತಿರ ಬಂದರೆ ಸಾಕು, ನಮ್ಮ ಮನೆಯಲ್ಲಿ ಎಲ್ಲರಿಗೂ ಕೆಲಸ ನೆನಪಾಗುತ್ತದೆ. ಮಗನಿಗೆ ಫೋನು ಬರುತ್ತದೆ. ಸೊಸೆಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತದೆ, ಹಾಲು ಇನ್ನೂ ಫ್ರಿಜ್ಜಿನಲ್ಲೇ ಇದ್ದರೂ. ನಾನು ಕನ್ನಡಕ ಒರೆಸಿಕೊಳ್ಳುತ್ತೇನೆ. ನನ್ನ ಹೆಂಡತಿ ಮಾತ್ರ ಕೂತಲ್ಲಿಂದ ಕದಲದೆ, "ಸದ್ಯ, ಎಲ್ಲಾ ಎದ್ದುಹೋದ್ರು. ಈಗ ಕಾಲು ಚಾಚ್ಕೊಂಡು ನೋಡಬಹುದು" ಅನ್ನುತ್ತಾಳೆ.

ಪರದೆ ಇರುವ ಕಡೆಯಲ್ಲೆಲ್ಲ ಇಂಥದ್ದು ನಡೆಯುತ್ತಲೇ ಇರುತ್ತದೆ. ನನಗಿದು ಹೊಸದಲ್ಲ. ಕೊಳ್ಳೇಗಾಲಕ್ಕೆ ಟಿವಿ ಬರುವುದಕ್ಕೆ ಎಷ್ಟೋ ಮೊದಲು, ಅರವತ್ತರ ದಶಕದಲ್ಲಿ, ನಾನು ಸರ್ಕಾರದ ಪ್ರಚಾರದ ವ್ಯಾನಿನಲ್ಲಿ ಊರೂರು ತಿರುಗಿ ಸಿನಿಮಾ ತೋರಿಸುವ ಕೆಲಸದಲ್ಲಿದ್ದೆ. ಸಿನಿಮಾ ಅಂದರೆ ನೀವಂದುಕೊಳ್ಳುವ ಸಿನಿಮಾ ಅಲ್ಲ. ಗೊಬ್ಬರದ ಗುಂಡಿ ತೋಡುವುದು ಹೇಗೆ, ಸೊಳ್ಳೆ ಓಡಿಸುವುದು ಹೇಗೆ, ಅಣ್ಣತಮ್ಮಂದಿರು ಕೋರ್ಟು ಹತ್ತದೆ ಬಾಳುವುದು ಹೇಗೆ, ಇಂಥವು. ಬಹಳಷ್ಟು ಹಿಂದಿಯವು, ಕೆಲವು ಇಂಗ್ಲಿಷಿನವು. ಅದಕ್ಕೇ ಪರದೆಯ ಪಕ್ಕ ಮೈಕು ಹಿಡಿದು ನಿಂತು, ಅಲ್ಲಿ ಆಡುವ ಮಾತನ್ನೆಲ್ಲ ಕನ್ನಡದಲ್ಲಿ ಹೇಳುವುದಕ್ಕೆ ನನ್ನನ್ನು ಇಟ್ಟಿದ್ದರು. ವ್ಯಾನು ಓಡಿಸುವುದಕ್ಕೂ ಪ್ರೊಜೆಕ್ಟರು ನಡೆಸುವುದಕ್ಕೂ ಡ್ರೈವರ್ ಒಬ್ಬರೇ.

ಕೆಲಸಕ್ಕೆ ಸೇರಿದ ದಿನ ನಮ್ಮ ಸಾಹೇಬರು ಮೈಕನ್ನು ಕೈಗಿಟ್ಟು, "ನೋಡಪ್ಪಾ, ಇದು ಸರ್ಕಾರಿ ಮೈಕು. ಇದರಲ್ಲಿ ಕೆಟ್ಟ ಮಾತು ಬರಕೂಡದು" ಎಂದಿದ್ದರು. ಕೆಟ್ಟ ಮಾತು ಯಾವುದು ಅಂತ ಹೇಳಲಿಲ್ಲ. ಅದು ಊರಿಂದ ಊರಿಗೆ ಬೇರೆಯಾಗುತ್ತದೆ ಅನ್ನುವುದು ಅವರಿಗೂ ಗೊತ್ತಿರಲಿಲ್ಲವೋ ಏನೋ.

ದುಷ್ಟ ಅಂದ್ರೆ ಸಾಕಾ?

ಹನೂರು ದಾಟಿ ಕಾಡಿನ ಅಂಚಿಗೆ ಹೋದರೆ ರಾಮಾಪುರ. ಅಲ್ಲಿ ಬಸ್ ನಿಲ್ಲುವ ಜಾಗದ ಪಕ್ಕದಲ್ಲೇ ಪರದೆ ಕಟ್ಟಿದೆವು. ಆವತ್ತಿನ ಸಿನಿಮಾ ಅಣ್ಣತಮ್ಮಂದಿರ ಜಗಳದ್ದು. ತಮ್ಮನಾದವನು ಅಣ್ಣನ ಹೊಲದ ಬದುವನ್ನು ಒತ್ತರಿಸಿಕೊಂಡಿದ್ದಾನೆ, ಅಣ್ಣ ಬಂದು ಕೇಳುತ್ತಾನೆ. ಹಿಂದಿಯಲ್ಲಿ ಅಣ್ಣ ಕೈ ಎತ್ತಿ ಗಂಟಲು ಹರಿಯುವಂತೆ ಕೂಗಿದ. ನಾನು ಮೈಕಿನಲ್ಲಿ ಗಂಭೀರವಾಗಿ ಹೇಳಿದೆ: "ಎಲವೋ ದುಷ್ಟನೇ, ನೀನು ಮಾಡಿದ್ದು ಸರಿಯೇ?"

ಜನರೆಲ್ಲ ಗೊಳ್ಳೆಂದು ನಕ್ಕರು. ಮುಂದೆ ಕೂತಿದ್ದ ರೈತನೊಬ್ಬ ಎದ್ದು ನಿಂತ.

"ಸಾ, ಒಂದ್ ಗಳಿಗೆ ನಿಲ್ಸಿ. ಬದ ಒತ್ತರ್ಸಿದವನ್ಗೆ ದುಷ್ಟ ಅಂದ್ರೆ ಸಾಕಾ ಸಾ? ಅಂಗಂದ್ರೆ ಅವ್ನು ಇನ್ನೂ ಎರಡು ಮಾರು ಒತ್ತರ್ಸ್ತಾನೆ!"

"ಯಜಮಾನ್ರೇ, ಅವನು ಹೇಳಿದ್ದು ಅಷ್ಟೇ" ಎಂದೆ.

"ಅವ್ನ ಮಕ ನೋಡಿ ಸಾ! ಅಷ್ಟೇ ಯೋಳಿದ್ರೆ ನರ ಅಂಗೆ ಉಬ್ತವಾ? ನೀವು ಮುಚ್ಚಿಡ್ತಾ ಇದ್ದೀರಿ."

ಅವನು ಹೇಳಿದ್ದು ನಿಜ. ಹಿಂದಿಯವನು ಏನೇನೋ ಅಂದಿದ್ದ. ನಾನು ಮೈಕಿನ ಕಡೆ ಕೈ ತೋರಿಸಿ, "ಇದು ಸರ್ಕಾರದ್ದು, ಬೈಯೋ ಹಾಗಿಲ್ಲ" ಅಂತ ಬೇಡಿಕೊಂಡೆ.

"ಸರಿ ಬುಡಿ, ನಿಮ್ ಕೆಲ್ಸಕ್ಕೆ ಕುತ್ತು ಬ್ಯಾಡ. ಕತೆ ನೀವು ಯೋಳಿ, ಬೈಯೋದ್ನ ನಾವು ನೋಡ್ಕತೀವಿ."

ಹಾಗೇ ಆಯಿತು. ಅಣ್ಣ ಬಾಯಿ ತೆರೆದಾಗಲೆಲ್ಲ ನಾನು ಸುಮ್ಮನಾಗುತ್ತಿದ್ದೆ, ಜನ ಬೈಯುತ್ತಿದ್ದರು. ಎಲ್ಲರನ್ನೂ ಮೀರಿಸಿದ್ದು ಹೆಂಗಸರ ಸಾಲಿನಲ್ಲಿದ್ದ ಒಬ್ಬ ಅಜ್ಜಿ. "ನಿನ್ ಕೈಗೆ ಕರಿನಾಗ್ರ ಕಡಿಯಾ! ನಿನ್ ಬಾಯ್ಗೆ ಮಣ್ ಬೀಳಾ! ನಿನ್ ಎಣಾ ಎತ್ತಾ!" ಎಂದು ಶುರುಮಾಡಿ, ಆಮೇಲೆ ಆಕೆ ಏರಿದ ಎತ್ತರವನ್ನು ನಾನಿಲ್ಲಿ ಬರೆಯಲಾರೆ. ಡ್ರೈವರು ಪ್ರೊಜೆಕ್ಟರನ್ನೂ ಮರೆತು ಬಾಯಿ ತೆರೆದು ಕೇಳುತ್ತಿದ್ದರು.

ಕೊನೆಗೆ ಅಣ್ಣತಮ್ಮಂದಿರು ರಾಜಿಯಾದರು. ಅಣ್ಣ ಮನೆಗೆ ಬಂದು, ಹೆಂಡತಿಯ ಮುಡಿಗೆ ಒಂದು ಹೂವು ಇಟ್ಟ. ಅಷ್ಟೇ. ಆ ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಎದ್ದುಬಿಟ್ಟಳು.

"ಥೂ ಥೂ! ಬನ್ರವ್ವಾ ಓಗಾಣ. ಮರ್ವಾದಸ್ತರು ನೋಡೋ ಅಂಗೈತಾ ಇದು?"

ಬಂಡಳ್ಳಿಯ ಹಲ್ಲುನೋವು

ಒಮ್ಮೆ ಬಂಡಳ್ಳಿಗೆ ಹೋದಾಗ ನಮಗೆ ಬಂದಿದ್ದ ರೀಲು ಹೊರದೇಶದ್ದು. ಹಸು ಸಾಕಣೆಯ ಬಗ್ಗೆ. ಮೊದಲೇ ಹಾಕಿ ನೋಡುವುದಕ್ಕೆ ನಮಗೆ ಪುರುಸೊತ್ತು ಇರಲಿಲ್ಲ. ಕೊಬ್ಬಿದ ಹಸುಗಳು ಬಂದವು, ಹಾಲು ಕರೆಯುವ ಯಂತ್ರ ಬಂತು, ಜನ ಬೆರಗಾಗಿ ನೋಡಿದರು. ನಾನು ಮೈಕಿನಲ್ಲಿ, "ಈಗ ರೈತ ಹಾಲನ್ನು ಪೇಟೆಗೆ ಒಯ್ಯುತ್ತಾನೆ" ಎಂದೆ. ಒಯ್ಯುವ ಮೊದಲು ಆ ರೈತ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ಹತ್ತಿರ ಎಳೆದು ತುಟಿಗೆ ಮುತ್ತಿಟ್ಟ.

ಎಲ್ಲರೂ ಪರದೆ ಬಿಟ್ಟು ನನ್ನ ಕಡೆ ತಿರುಗಿದರು, ನಾನೇನು ಹೇಳುತ್ತೇನೆ ಅಂತ. ನನ್ನ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಹೆಂಡತಿಗೆ ಹಲ್ಲುನೋವು. ರೈತ ನೋಡುತ್ತಿದ್ದಾನೆ."

ಜನ ಉಸಿರುಬಿಟ್ಟರು. "ಪಾಪ" ಅಂತ ಯಾರೋ ಅಂದರು. ನಾನು ಬದುಕಿದೆ ಅಂದುಕೊಂಡೆ. ಆದರೆ ಆ ರೈತ ಸಂಜೆ ಪೇಟೆಯಿಂದ ವಾಪಸು ಬಂದ. ಗಾಡಿ ಇಳಿದವನೇ ಮತ್ತೆ ಹಲ್ಲು ನೋಡಿದ. ಈ ಸಲ ಹೆಚ್ಚು ಹೊತ್ತು ನೋಡಿದ.

"ಸಾ, ಇನ್ನೂ ವಾಸಿ ಆಗ್ನಿಲ್ವಾ?" ಹೆಂಗಸೊಬ್ಬಳು ಕೇಳಿದಳು. "ಲವಂಗ ಇಟ್ಕಳಾಕೆ ಯೋಳಿ ಸಾ."

"ಆ ದೇಶದಲ್ಲಿ ಲವಂಗ ಬೆಳೆಯೋಲ್ಲಮ್ಮಾ."

ಆ ಹೊತ್ತಿಗೆ ಪರದೆಯ ಮೇಲೆ ಒಂದು ಮದುವೆಯ ಊಟ ಶುರುವಾಯಿತು. ಮದುಮಗ ಮದುಮಗಳ ಹಲ್ಲು ನೋಡಿದ. ಮದುಮಗಳ ಅಪ್ಪ ತನ್ನ ಹೆಂಡತಿಯ ಹಲ್ಲು ನೋಡಿದ. ಹುಡುಗರ ಸಾಲಿನಿಂದ ಒಬ್ಬ, "ಏನ್ ಸಾ ಇದು, ಊರ್ಗೆಲ್ಲಾ ಹಬ್ಬೈತೆ!" ಅಂತ ಕೂಗಿದ. ನಾನು ಹಸು ಯಾವಾಗ ಬರುತ್ತದೋ ಅಂತ ಕಾಯುತ್ತಾ ನಿಂತೆ.

ಸಿನಿಮಾ ಮುಗಿದ ಮೇಲೆ ಪರದೆ ಬಿಚ್ಚುತ್ತಿದ್ದೆ. ಕೋಲೂರಿಕೊಂಡು ಒಬ್ಬ ಮುದುಕ ಹತ್ತಿರ ಬಂದು, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನನ್ನ ಕಿವಿಯ ಹತ್ತಿರ ಬಾಗಿದ.

"ಸಾ, ನನ್ಗೆ ಹಲ್ಲು ಬಿದ್ದೋಗಿ ಎಷ್ಟೋ ವರ್ಸ ಆಯ್ತು. ಆದ್ರೂ ಅದು ಹಲ್ನೋವಲ್ಲ ಅನ್ನೋದು ನನ್ಗೆ ಗ್ಯಾಪ್ಕ ಐತೆ."

ಗಾಡಿಯ ಅವ್ವ

ನಮ್ಮ ಡ್ರೈವರು ಯಳಂದೂರಿನವರು. ಹಣೆ ತುಂಬ ವಿಭೂತಿ, ತೂಕದ ಮಾತು. ಊರಿನಲ್ಲಿ ಅವರಿಗೆ ಒಳ್ಳೆಯ ಹೆಸರು. ಮಕ್ಕಳು ಜಗಳವಾಡಿದರೆ ತಾಯಂದಿರು, "ಅವರ ಬಾಯಲ್ಲಿ ಒಂದು ಕೆಟ್ಟ ಮಾತು ಕೇಳಿದ್ದೀರಾ? ಅವರನ್ನು ನೋಡಿ ಕಲೀರಿ" ಅನ್ನುತ್ತಿದ್ದರಂತೆ. ಅವರ ಜೊತೆ ದಿನಾ ಓಡಾಡುವ ನನಗೊಬ್ಬನಿಗೇ ಗೊತ್ತಿತ್ತು, ಅವರು ಮನುಷ್ಯರನ್ನು ಬೈಯುವುದಿಲ್ಲ, ವ್ಯಾನನ್ನು ಬೈಯುತ್ತಾರೆ ಅಂತ. ಚಳಿಗೆ ಎಂಜಿನ್ ಹಿಡಿಯದಿದ್ದರೆ ಅವರು ಹ್ಯಾಂಡಲ್ ಹಾಕಿ ತಿರುಗಿಸುತ್ತಾ ಆಡುವ ಮಾತಿಗೆ ಕಬ್ಬಿಣವೂ ಕರಗಬೇಕು. ಆಗಲೇ ಅದು ಸ್ಟಾರ್ಟ್ ಆಗುತ್ತಿದ್ದದ್ದು ಕೂಡ.

ಯಳಂದೂರಿನಲ್ಲೇ ಒಂದು ಸಂಜೆ ಕಾರ್ಯಕ್ರಮ. ಸಿನಿಮಾ ಚೆನ್ನಾಗಿ ಆಯಿತು. ಮುಗಿದ ಮೇಲೆ ಊರ ಹಿರಿಯರೊಬ್ಬರು ಮೈಕು ತೆಗೆದುಕೊಂಡು, "ನಮ್ಮೂರಿನ ಮಗ, ಸಜ್ಜನ, ಮೃದುಭಾಷಿ" ಅಂತ ಡ್ರೈವರಿಗೆ ಹಾರ ಹಾಕಿದರು. ಡ್ರೈವರಿನ ತಾಯಿ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡರು. ನಾನು ಮೈಕನ್ನು ಇಸಿದುಕೊಂಡು ವ್ಯಾನಿನ ಮುಂದಿನ ಸೀಟಿನ ಮೇಲಿಟ್ಟು ಹಿರಿಯರಿಗೆ ಕೈಮುಗಿಯಲು ಹೋದೆ. ಮೈಕಿನ ಬಟನ್ ಒತ್ತಿ ಆರಿಸಿದ್ದೇನೆ ಅಂದುಕೊಂಡಿದ್ದೆ.

ಹೊರಡೋಣವೆಂದರೆ ವ್ಯಾನು ಸ್ಟಾರ್ಟ್ ಆಗಲಿಲ್ಲ. ಡ್ರೈವರು ಹಾರ ಹಾಕಿಕೊಂಡೇ ಹ್ಯಾಂಡಲನ್ನು ಒಂದು ಸಲ ತಿರುಗಿಸಿ ನೋಡಿದರು, ಎರಡು ಸಲ ನೋಡಿದರು. ಆಮೇಲೆ ನಾಲ್ಕು ಸ್ಪೀಕರಿನಿಂದ ಅವರ ದನಿ ಯಳಂದೂರಿನ ಬೀದಿಬೀದಿಗೂ ಹರಿಯಿತು. ವ್ಯಾನಿನ ಅವ್ವನಿಂದ ಶುರುವಾಗಿ ಅಜ್ಜಿ, ಅತ್ತಿಗೆ, ಅಕ್ಕತಂಗಿಯರು, ಒಬ್ಬರನ್ನೂ ಬಿಡಲಿಲ್ಲ. ಹಿರಿಯರು ಮುಗಿದ ಕೈಯನ್ನು ಇಳಿಸುವುದನ್ನೇ ಮರೆತರು.

ಎಂಜಿನ್ ಹಿಡಿಯಿತು. ಡ್ರೈವರು ಸಮಾಧಾನವಾಗಿ ಬೆವರೊರೆಸಿಕೊಂಡು ತಲೆ ಎತ್ತಿದರೆ ಇಡೀ ಊರು ಅವರನ್ನೇ ನೋಡುತ್ತಿದೆ. ಜನರ ನಡುವಿನಿಂದ ಅವರ ತಾಯಿ ಎದ್ದು ಬಂದರು. ನಾನು ಹೆದರಿದೆ, ಮುದುಕಿಗೆ ಎದೆ ಒಡೆಯಿತೇನೋ ಅಂತ. ಆಕೆ ಸೊಂಟದ ಮೇಲೆ ಕೈಯಿಟ್ಟು ಮಗನನ್ನು ಕೇಳಿದರು:

"ಅಲ್ಲ ಕಣ್ಲಾ, ಕೆಟ್ಟು ನಿಂತಿರೋದು ಗಾಡಿ. ಅದ್ರವ್ವ ನಿನ್ಗೇನ್ಲಾ ಮಾಡಿದ್ಲು?"

ಯಜಮಾನರ ಬಿಳಿ ಜುಬ್ಬ

ಮಾಂಬಳ್ಳಿಯಲ್ಲಿ ಒಬ್ಬ ಯಜಮಾನರಿದ್ದರು. ಜಮೀನುದಾರರು. ಅವರ ಕಣದಲ್ಲೇ ನಾವು ಪರದೆ ಕಟ್ಟಬೇಕು. ಹಾಲಿನಂಥ ಬಿಳಿ ಪಂಚೆ, ಅದಕ್ಕಿಂತ ಬಿಳಿಯ ಜುಬ್ಬ. ಕಣ ಬಿಟ್ಟುಕೊಡುವ ಮೊದಲೇ ಕೇಳಿದರು.

"ಅಸಯ್ಯ ಏನೂ ಇಲ್ವಲ್ಲಾ?"

"ಇಲ್ಲ ಬುದ್ಧಿ. ಭತ್ತದ ಬೇಸಾಯ."

"ಭತ್ತದಲ್ಲಿ ಎಂಗ್ಸರು ಬತ್ತಾರಾ?"

"ನಾಟಿ ಹಾಕೋಕೆ ಬರ್ತಾರೆ ಬುದ್ಧಿ."

"ನಾಟಿಗೆ ಬಂದ್ರೆ ಬರ್ಲಿ. ನಾಟಿ ಆಕಿ ಮನೇಗೋಗ್ಬೇಕು."

ಸಿನಿಮಾ ಶುರುವಾಯಿತು. ನಾಟಿ ಆಯಿತು, ಕೊಯ್ಲಾಯಿತು, ಭತ್ತ ಬೆಳೆದ ಯುವಕನಿಗೆ ಬಹುಮಾನ ಬಂತು. ಯಜಮಾನರು ಪರದೆಯ ಪಕ್ಕದ ಕುರ್ಚಿಯಲ್ಲಿ ತಲೆದೂಗುತ್ತಾ ಕೂತಿದ್ದರು. ಯುವಕ ಬಹುಮಾನದ ಬಟ್ಟಲು ಹಿಡಿದು ಮನೆಗೆ ಬಂದ. ಬಾಗಿಲಿನಿಂದ ಅವನ ಹೆಂಡತಿ ಓಡೋಡಿ ಬರತೊಡಗಿದಳು. ಆ ಓಟ ನೋಡಿಯೇ ಯಜಮಾನರಿಗೆ ಮುಂದಿನದು ಹೊಳೆದುಹೋಯಿತು. ಎದ್ದವರೇ ಪರದೆಯ ಮುಂದೆ ಬಂದು, ಜನರ ಕಡೆ ಮುಖ ಮಾಡಿ, ಎರಡು ಕೈಯನ್ನೂ ಅಗಲಿಸಿ ಅಡ್ಡ ನಿಂತರು.

"ಯಾರೂ ನೋಡ್ಬ್ಯಾಡಿ! ಎಲ್ಲಾ ತಲೆ ಬಗ್ಸಿ!"

ಪರದೆಯಲ್ಲಿ ಗಂಡ ನಿಂತಿದ್ದ ಜಾಗದಲ್ಲಿ ಈಗ ಯಜಮಾನರೇ ನಿಂತಿದ್ದರು. ಹೆಂಡತಿ ಮಾತ್ರ ಓಡಿ ಬರುತ್ತಲೇ ಇದ್ದಳು. ಬಂದವಳು ಆ ಅಚ್ಚಬಿಳಿ ಜುಬ್ಬದ ಮೇಲೆ ಮೂಡಿ, ಯಜಮಾನರ ಎದೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

ಜನರೆಲ್ಲ ಒಟ್ಟಿಗೆ ಸಿಡಿದರು. ಯಜಮಾನರಿಗೆ ಕಾರಣ ಹೊಳೆಯಲಿಲ್ಲ. ನಕ್ಕಷ್ಟೂ ಅವರ ಸಿಟ್ಟು ಏರಿತು. "ನಾಚ್ಕೆ ಆಗಲ್ವೇನ್ಲಾ ನಿಮ್ಗೆ? ಎಂಗ್ಸು ಮಕ್ಳು ಕೂತವ್ರೆ!" ಅಂತ ಅವರು ಗದರುತ್ತಿರುವಾಗ, ಎದೆಯ ಮೇಲಿದ್ದವಳು ಕೈಯೆತ್ತಿ ನಿಧಾನವಾಗಿ ಅವರ ಗಲ್ಲ ಸವರಿದಳು. ನಾನು ಡ್ರೈವರಿಗೆ ನಿಲ್ಲಿಸಲು ಸನ್ನೆ ಮಾಡಿದೆ. ಅವರು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದರು.

ಹೆಂಗಸರ ಸಾಲಿನಿಂದ ಯಜಮಾನರ ಹೆಂಡತಿಯೇ ಎದ್ದು ನಿಂತರು. ಅವರು ನಗುತ್ತಿದ್ದರೋ ಇಲ್ಲವೋ ಕತ್ತಲಲ್ಲಿ ಕಾಣಲಿಲ್ಲ.

"ಏನೂಂದ್ರೆ, ಮೊದ್ಲು ಅವಳ್ನ ಎದೆಯಿಂದ ಇಳ್ಸಿ. ಊರಿಗೆ ಬುದ್ಧಿ ಯೋಳೋದು ಆಮ್ಯಾಕೆ."

ಎರಡು ಸೀರೆ

ಇಷ್ಟೆಲ್ಲ ಬೇರೆಯವರ ಫಜೀತಿ. ಈಗ ನನ್ನದು.

ಕೊಳ್ಳೇಗಾಲದಲ್ಲಿ ನಾನು ರೇಷ್ಮೆ ನೇಯುವವರ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ನಮ್ಮದೂ ನೇಕಾರರ ಮನೆತನವೇ, ಅಪ್ಪನ ಕಾಲಕ್ಕೆ ಮಗ್ಗ ಬಿಟ್ಟು ನೌಕರಿಗೆ ಬಿದ್ದವರು. ಎದುರು ಮನೆಯ ಹಿರಿಯ ನೇಕಾರರಿಗೆ ಒಬ್ಬಳು ಮಗಳು. ಟೀಚರ್ ಟ್ರೈನಿಂಗ್ ಮುಗಿಸಿ ಅಲ್ಲೇ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ನಾನು ಅವಳನ್ನು ನೋಡಿದ್ದೆ, ಅವಳೂ ನನ್ನನ್ನು ನೋಡಿದ್ದಳು, ನೋಡಿದ್ದನ್ನು ಇಬ್ಬರೂ ಯಾರಿಗೂ ಹೇಳಿರಲಿಲ್ಲ. ನಮ್ಮ ಮನೆಯವರು ಬಂದು ಪ್ರಸ್ತಾಪ ಮಾಡಿದರು. ಅವಳ ತಂದೆ ಕಟ್ಟುನಿಟ್ಟಿನ ಮನುಷ್ಯ. ಬೀದಿಯಲ್ಲಿ ಯಾರಾದರೂ 'ಮುಂಡೇದು' ಅಂದರೆ ಮಗ್ಗದಿಂದ ಎದ್ದು ಬಂದು ಬುದ್ಧಿ ಹೇಳುವವರು. "ಹುಡುಗನ ಬಾಯಿ ಹೇಗೋ ನೋಡಬೇಕು. ಮೈಕು ಹಿಡಿಯೋ ಕೆಲ್ಸ ಅಂತಾರೆ. ನಮ್ಮ ಬೀದೀಲೇ ಒಂದು ಕಾರ್ಯಕ್ರಮ ಇಡ್ಲಿ, ಮನೆಮಂದಿಯೆಲ್ಲ ಬಂದು ಕೇಳ್ತೀವಿ" ಎಂದರಂತೆ.

ಇಟ್ಟೆ. ಸಾಹೇಬರು ಆ ದಿನಕ್ಕೆ ಕೊಟ್ಟ ವಿಷಯ ಕುಟುಂಬ ಯೋಜನೆ.

ನನಗೆ ಅಷ್ಟೇನೂ ಭಯವಿರಲಿಲ್ಲ. ಆ ವಿಷಯಕ್ಕೆ ಯಾವಾಗಲೂ ಒಬ್ಬ ಲೇಡಿ ಡಾಕ್ಟರು ಬಂದು ಮಾತಾಡುತ್ತಿದ್ದರು, ನನ್ನದು ಬರೀ ಸ್ವಾಗತ, ವಂದನೆ. ಆವತ್ತು ಅವರಿಗೆ ಹೆರಿಗೆ ಕೇಸು ಬಂದು ಬರಲಾಗಲಿಲ್ಲ. ಬಯಲಿನ ತುಂಬ ಜನ. ಮುಂದಿನ ಸಾಲಿನಲ್ಲಿ ತಂದೆ, ಅವರ ಪಕ್ಕ ಅವರ ತಾಯಿ, ಅಂದರೆ ಹುಡುಗಿಯ ಅಜ್ಜಿ, ಅಜ್ಜಿಯ ಪಕ್ಕ ಅವಳು. ನನ್ನ ಕೈಯಲ್ಲಿ ಮೈಕು. ಹೇಳಬೇಕಾದ ಒಂದೊಂದು ಪದವೂ ಕಣ್ಣ ಮುಂದೆ ಬಂದು ನಾಚಿಕೊಂಡು ಹೋಗುತ್ತಿತ್ತು. ಪಕ್ಕದ ಮನೆಯಿಂದ ಮಗ್ಗದ ಸದ್ದು ಕೇಳಿತು. ದೇವರೇ ದಾರಿ ತೋರಿಸಿದ ಅಂದುಕೊಂಡೆ.

"ಮಹಾಜನಗಳೇ, ಒಂದು ಮನೆಯಲ್ಲಿ ಒಂದು ಮಗ್ಗ ಇದೆ ಅಂತ ತಿಳಿಯಿರಿ. ಗಂಡ ಹೆಂಡತಿ ಇಬ್ಬರೂ ಸೇರಿ ದುಡಿದು ಒಂದು ಸೀರೆ ಇಳಿಸಿದರು. ಸಂತೋಷ. ಇನ್ನೊಂದು ಸೀರೆ ಇಳಿಯಿತು. ಬಹಳ ಸಂತೋಷ. ಮೂರನೆಯದಕ್ಕೆ ಕೈ ಹಾಕುವ ಮೊದಲು ಯೋಚಿಸಬೇಕು. ಎರಡೇ ಸೀರೆ ಸಾಕು. ಆಮೇಲೆ ಮಗ್ಗ ನಿಲ್ಲಿಸಿಬಿಡಬೇಕು. ನಿಲ್ಲಿಸುವುದಕ್ಕೆ ಸರ್ಕಾರವೇ ಸಹಾಯ ಮಾಡುತ್ತದೆ."

ನನ್ನ ಜಾಣತನಕ್ಕೆ ನಾನೇ ಮೆಚ್ಚಿ ತಲೆ ಎತ್ತಿದೆ. ಬೀದಿಗೆ ಬೀದಿಯೇ ಎದ್ದು ನಿಂತಿತ್ತು.

"ಎರಡೇ ಸೀರೆನಾ? ಆಮೇಲೆ ನಾವು ಮಣ್ಣು ತಿನ್ನೋದಾ?"

"ಮಗ್ಗ ನಿಲ್ಸೋಕೆ ಬರ್ಲಿ ನೋಡೋಣ ಯಾರು ಬರ್ತಾರೆ!"

"ಇದು ಮಿಲ್ಲಿನವರ ಕೈವಾಡ ಕಣ್ರಿ!"

"ಆ ಮಗ್ಗ ಅಲ್ಲ, ಆ ಮಗ್ಗ ಅಲ್ಲ" ಅಂತ ನಾನು ಕೂಗಿದೆ.

"ಮತ್ಯಾವ ಮಗ್ಗ, ಅದನ್ನ ಹೇಳಿ!"

ಅದನ್ನೇ ತಾನೇ ಹೇಳಲಾಗದಿದ್ದದ್ದು. ಡ್ರೈವರು ಆಗಲೇ ವ್ಯಾನಿನ ಬಾಗಿಲು ತೆರೆದು ನನಗೆ ಸನ್ನೆ ಮಾಡುತ್ತಿದ್ದರು. ಅಷ್ಟರಲ್ಲಿ ಹುಡುಗಿಯ ತಂದೆ ಶಲ್ಯ ಕೊಡವಿಕೊಂಡು ಎದ್ದರು. ಬಯಲು ಸುಮ್ಮನಾಯಿತು.

"ನಮ್ಮ ಮನೇಲಿ ಮಗ್ಗ ಒಂದು ದಿನ ನಿಂತಿದ್ದಿಲ್ಲ ಸ್ವಾಮಿ. ನಮ್ಮಪ್ಪ ಎಪ್ಪತ್ತು ದಾಟಿದ ಮೇಲೂ ಮಗ್ಗ ಬಿಟ್ಟವರಲ್ಲ. ಬೇಕಾದ್ರೆ ನಮ್ಮಮ್ಮ ಇಲ್ಲೇ ಕೂತವ್ರೆ, ಕೇಳಿ!"

ಅಜ್ಜಿ ಮಗನ ಪಂಚೆಯ ಚುಂಗು ಹಿಡಿದು ಒಂದೇ ಎಳೆತಕ್ಕೆ ಕೂರಿಸಿದರು.

"ಅಯ್ಯೋ, ಮುಚ್ಚೋ ಬಾಯಿ! ನಿಮ್ಮಪ್ಪನ ವಿಷ್ಯ ಸಭೇಲಿ ಯಾಕೋ ತೆಗೀತೀಯಾ? ಆ ಹುಡುಗ ಹೇಳ್ತಿರೋದು ರಾತ್ರಿ ಪಾಳಿ ಮಗ್ಗ ಕಣೋ!"

ಆಗ ಎದ್ದ ನಗು ಬೀದಿಯ ಆ ತುದಿಯಿಂದ ಈ ತುದಿಗೆ ಹೋಗಿ ವಾಪಸು ಬಂತು. ಹೆಂಗಸರು ಸೆರಗು ಕಚ್ಚಿಕೊಂಡು ನಕ್ಕರು, ಮಿಲ್ಲಿನವರ ಕೈವಾಡ ಅಂದವನು ಪಕ್ಕದವನ ಭುಜಕ್ಕೆ ಬಿದ್ದು ನಕ್ಕ. ಹುಡುಗಿ ನಕ್ಕದ್ದು ಎಲ್ಲರಿಗಿಂತ ಜೋರು. ತಂದೆ ಮಾತ್ರ ನಗಲಿಲ್ಲ. ಕೆಂಪಾದ ಮುಖದಲ್ಲಿ ಎದ್ದು ಯಾರನ್ನೂ ನೋಡದೆ ಮನೆಗೆ ನಡೆದರು.

ನನ್ನ ಕತೆ ಮುಗಿಯಿತು ಅಂದುಕೊಂಡೆ. ಕೋಣೆ ಖಾಲಿ ಮಾಡಿ ಬೇರೆ ಕಡೆ ವರ್ಗ ಕೇಳಬೇಕು ಅಂತ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದೆ. ಮರುದಿನ ಬೆಳಿಗ್ಗೆ ಅವರೇ ಬಾಗಿಲಿಗೆ ಬಂದು ಕೆಮ್ಮಿದರು. ಒಳಗೆ ಕರೆದೆ. ಕೂತರು.

"ಇಡೀ ಬೀದಿ ಮೇಲೆ ಬಿದ್ರೂ ನಿಮ್ಮ ಬಾಯಲ್ಲಿ ಒಂದು ಕೆಟ್ಟ ಪದ ಬರಲಿಲ್ಲ" ಎಂದರು. "ನಮ್ಮಮ್ಮ ರಾತ್ರಿಯೆಲ್ಲಾ ಅದನ್ನೇ ಹೇಳಿದ್ರು. ನಂಗೆ ಒಪ್ಪಿಗೆ."

ಕಾಲಿಗೆ ಬೀಳಲು ಬಾಗಿದೆ. ಅವರು ತಡೆದರು.

"ಇರಿ. ಮಗಳದ್ದು ಒಂದು ಷರತ್ತಿದೆ. ಮದುವೆ ಆದ್ಮೇಲೆ ಈ ಸೀರೆ, ಮಗ್ಗ ಅಂತ ಸುತ್ತಿ ಬಳಸಿ ಮಾತಾಡೋ ಹಾಗಿಲ್ವಂತೆ. ಮನಸ್ಸಲ್ಲಿ ಏನಿದ್ಯೋ ಅದನ್ನ ನೇರವಾಗಿ ಹೇಳ್ಬೇಕಂತೆ."

ಒಪ್ಪಿಕೊಂಡೆ. ಆ ವರ್ಷವೇ ಮದುವೆಯಾಯಿತು. ಗಲಾಟೆಯೆಲ್ಲ ಮುಗಿದು ನಾವಿಬ್ಬರೇ ಕೂತಾಗ ಅವಳೇ ಜ್ಞಾಪಿಸಿದಳು, "ಷರತ್ತು ಮರೀಲಿಲ್ಲ ತಾನೇ? ಈಗ ಹೇಳಿ, ಮನಸ್ಸಲ್ಲಿ ಏನಿದೆ?"

ಮಾತು ಕೊಟ್ಟ ಮೇಲೆ ತಪ್ಪಬಾರದಲ್ಲ. ಹೇಳಿದೆ.

ಅವಳು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿಬಿಟ್ಟಳು. "ಥೂ, ನಿಮ್ಮ! ಅಷ್ಟೊಂದು ನೇರ ಯಾರು ಕೇಳಿದ್ರು?"